ರಾಕ್ಷಸ ಒಪ್ಪಿಕೊಂಡುಬಿಟ್ಟ

ನನಗೆ ಕುಣಿಯಲು ಬರುವುದಿಲ್ಲ. ವಿನಯಕ್ಕೆ ಹೇಳುತ್ತಿಲ್ಲ, ನನ್ನ ಮದುವೆಯಲ್ಲಿ ಸಪ್ತಪದಿ ತುಳಿಯುವಾಗಲೇ ಭಟ್ಟರು "ಬಲಗಾಲು ತಂಗೀ, ಬಲಗಾಲು" ಎಂದು ಗದರಿದ್ದರು. ಇಂಥ ನಾನು ಸಿದ್ದಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಮನೆಯವರು ಇವತ್ತಿಗೂ ನಂಬಿಲ್ಲ. ಅದಕ್ಕೆ ಕಾರಣ ನನ್ನ ಕಾಲಲ್ಲ, ನನ್ನ ತವರೂರು.

ನಮ್ಮ ಕಡೆ ಒಂದೊಂದು ಊರಿಗೆ ಒಂದೊಂದು ವಿದ್ಯೆ ಅಂಟಿಕೊಂಡಿರುತ್ತದೆ. ಇಂಥ ಊರಿನವರು ಎಂದರೆ ಅಪ್ಪೆಹುಳಿ ಮಾಡಲು ಅವರೇ ಸೈ. ಅಂಥ ಊರಿನವರು ಎಂದರೆ ಗಡಿಕಲ್ಲಿನ ಜಗಳ ಮೂರು ತಲೆಮಾರಿಗೂ ಬಿಡುವವರಲ್ಲ. ನನ್ನ ತವರೂರಿಗೆ ಅಂಟಿದ್ದು ಯಕ್ಷಗಾನ. ನಾನು ವಿಜ್ಞಾನ ಕಲಿಸಲು ಹೋಗಿ ಹಾಜರಾದ ದಿನವೇ ಹೆಡ್ ಮಾಸ್ತರರು ತವರು ಯಾವುದೆಂದು ವಿಚಾರಿಸಿದರು. ಹೇಳಿದೆ. ಅವರ ಮುಖ ಊರಗಲವಾಯಿತು.

"ಓಹೋ, ಹಾಂಗಾದ್ರೆ ಮಕ್ಕಳ ಯಕ್ಷಗಾನ ನಿಮಗೇ ಇರ್ಲಿ ಅಕ್ಕೋರೇ."

"ನಂಗೆ ಬರೂದಿಲ್ಲ ಸರ್."

"ಆ ಊರಿನವ್ರೆಲ್ಲ ಹಾಂಗೇ ಹೇಳೂದು!" ಎಂದು ನಕ್ಕು ಶನಿವಾರದ ಕೊನೆಯ ಅವಧಿಯನ್ನು ನನ್ನ ಹೆಸರಿಗೆ ಬರೆದೇಬಿಟ್ಟರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗಂಡನ ಮನೆಯಿದ್ದ ಇಸಳೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ನಾನು, ಶನಿವಾರ ಬೇಗ ಮನೆ ಸೇರುವ ಆಸೆಗೆ ಅಲ್ಲಿಗೇ ಎಳ್ಳುನೀರು ಬಿಟ್ಟೆ.

ಕುಣಿತ ಬಾರದಿದ್ದರೂ ತಾಳ ಮಾತ್ರ ನನಗೆ ಗೊತ್ತಿತ್ತು. ನಮ್ಮಪ್ಪ ಊಟದ ಎಲೆಯ ಮುಂದೆ ಕುಳಿತರೂ ತೊಡೆ ತಟ್ಟುತ್ತಿದ್ದವರು. ಅವರ ಮಗಳಾಗಿ ಹುಟ್ಟಿದ್ದಕ್ಕೆ ನನಗೆ ಯಾರ ಮಾತು ಕೇಳಿದರೂ ಅದು ಯಾವ ತಾಳದಲ್ಲಿದೆ ಎಂದು ಲೆಕ್ಕ ಹಾಕುವ ಚಟ. ಶಿರಸಿ ಬಸ್ ಸ್ಟ್ಯಾಂಡಿನ ಕಂಡಕ್ಟರು "ಯಲ್ಲಾಪುರ, ಯಲ್ಲಾಪುರ" ಎಂದು ಕೂಗುವುದು ಅಪ್ಪಟ ಏಕತಾಳ. ನಮ್ಮ ಹೆಡ್ ಮಾಸ್ತರರ ಭಾಷಣ ಝಂಪೆ. ಎಲ್ಲಿ ಮುಗಿಯಿತೆಂದು ತಿಳಿಯದೆ ಜನ ನಡುವೆಯೇ ಚಪ್ಪಾಳೆ ತಟ್ಟಿಬಿಡುತ್ತಾರೆ. ಅತ್ತೆ ಸೊಸೆಯರ ಜಗಳ ಯಾವ ತಾಳ ಎಂದು ನೀವು ಕೇಳಬಹುದು. ಅದು ವಿಳಂಬದಲ್ಲಿ ಸುರುವಾಗಿ ದ್ರುತಕ್ಕೆ ಹೋಗುತ್ತದೆ ಎಂಬುದಷ್ಟೇ ನನ್ನ ಅನುಭವ, ಹೆಚ್ಚಿಗೆ ಹೇಳಲಾರೆ.

ಹಾಗಾಗಿ "ತೈತ ತೈತ" ಎಂದು ಬಾಯಲ್ಲಿ ಹೇಳಿ, ಬೆತ್ತದಿಂದ ಮೇಜು ಕುಟ್ಟಿ, ಕಾಲಿನ ಕೆಲಸವನ್ನು ಮಕ್ಕಳಿಗೇ ಬಿಡೋಣ ಎಂದುಕೊಂಡೆ. ಆಗಲಿಲ್ಲ. ಮಕ್ಕಳು ಅಕ್ಕೋರ ಕಾಲನ್ನೇ ನೋಡುತ್ತಾರೆ. ಎದುರು ನಿಂತು ನಾನು ಎಡಗಾಲು ಎತ್ತಿದರೆ ಅವರದ್ದು ಬಲಗಾಲು. ಸರಿ, ಬೆನ್ನು ಹಾಕಿ ನಿಂತು ಕಲಿಸಿದೆ. ಅಷ್ಟರಲ್ಲಿ ಹಿಂದಿನ ಸಾಲಿನವರು ಉಪ್ಪು ಹಚ್ಚಿದ ನೆಲ್ಲಿಕಾಯಿ ತಿಂದು ಮುಗಿಸಿ, ಬೀಜವನ್ನು ನನ್ನ ಕಾಲ ಬುಡಕ್ಕೇ ಉರುಳಿಸಿದ್ದರು. ಅವತ್ತು ನಾನು ಹಾಕಿದ ಹೆಜ್ಜೆ ಯಾವ ಶಾಸ್ತ್ರದಲ್ಲೂ ಇಲ್ಲ. ಮಕ್ಕಳು ಮಾತ್ರ ಅದನ್ನೂ ಶ್ರದ್ಧೆಯಿಂದ ಕಲಿತರು.

ಹೀಗೆ ಬಿದ್ದೂ ಎದ್ದೂ ಒಂದು ವರ್ಷ ಕಳೆಯುವಷ್ಟರಲ್ಲಿ ಹೆಡ್ ಮಾಸ್ತರರು ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಒಂದು ಯಕ್ಷಗಾನದ ಆಟ ಆಗಲೇಬೇಕು ಎಂದರು. ಪುರಾಣದ ಪ್ರಸಂಗ ಎತ್ತಿಕೊಂಡರೆ ಊರಲ್ಲಿ ಪಂಡಿತರ ಕಾಟ. ಒಂದೊಂದು ಪಾತ್ರಕ್ಕೂ ಹತ್ತು ಜನ ತಪ್ಪು ಹುಡುಕುತ್ತಾರೆ. ಅದಕ್ಕೆ ನಾನೇ ಒಂದು ಕಥೆ ಹೊಸೆದೆ. ಒಬ್ಬ ರಾಕ್ಷಸ ಹೊಳೆಯ ನೀರನ್ನು ತಡೆದಿದ್ದಾನೆ. ರಾಜ ದೂತೆಯನ್ನು ಕಳಿಸುತ್ತಾನೆ. ರಾಕ್ಷಸ ಆಕೆಯ ಮಾತು ಕೇಳದೆ ಅಟ್ಟಹಾಸ ಮಾಡುತ್ತಾನೆ. ರಾಜ ಬಂದು ಯುದ್ಧ ಮಾಡುತ್ತಾನೆ, ರಾಕ್ಷಸ ಬೀಳುತ್ತಾನೆ, ಹೊಳೆ ಹರಿಯುತ್ತದೆ, ಮಂಗಳ. ಪದ್ಯ ಕಟ್ಟಿ ಹಾಡಲು ಹೇರೂರು ಕಡೆಯ ಹಿರಿಯ ಭಾಗವತರೊಬ್ಬರು ಒಪ್ಪಿದರು.

ರಾಜನ ಪಾತ್ರ ವಿನಾಯಕನಿಗೆ. ಒಂಬತ್ತನೇ ಇಯತ್ತೆಯ ಈ ಹುಡುಗ ಬಾಯಿ ಬಿಟ್ಟಿದ್ದನ್ನು ಶಾಲೆಯಲ್ಲಿ ಕಂಡವರಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದ, ಅಷ್ಟೇ. ಉತ್ತರ ಗೊತ್ತಿದೆ ಎಂದು ಕಣ್ಣು ಹೇಳುತ್ತಿತ್ತು; ಬಾಯಿಗೆ ಬೀಗ. ಆದರೆ ಅವನ ಕಾಲು! ಮೊಣಕಾಲೂರಿ ಗಿರ್ರನೆ ತಿರುಗುವುದಕ್ಕೆ ಮಂಡಿ ಹಾಕುವುದು ಎನ್ನುತ್ತಾರೆ. ಅದನ್ನು ಅವನಿಗೆ ನಾನು ಕಲಿಸಲಿಲ್ಲ, ದೇವರೇ ಕಲಿಸಿ ಕಳಿಸಿದ್ದ. ಹಾಗಾಗಿ ನಾನು ರಾಜನಿಗೆ ಒಂದೂ ಮಾತಿಲ್ಲದ ಹಾಗೆ ಕಥೆ ಮಾಡಿದ್ದೆ. ಯುದ್ಧದಲ್ಲಿ ಬರಬೇಕು, ಕುಣಿಯಬೇಕು. ಮೊಣಕಾಲು ತರಚಿ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಮಾರನೇ ದಿನ ಮತ್ತೆ ತರಚಿಕೊಂಡು ಅಭ್ಯಾಸ ಮಾಡಿದ. "ನಮ್ಮನೆ ಮಾಣಿ ನಾಕು ಜನರ ಎದುರಿಗೆ ನಿಂತ್ರೇ ಸಾಕು ಅಕ್ಕೋರೇ" ಎಂದು ಅವನ ತಾಯಿ ನನ್ನ ಕೈ ಹಿಡಿದುಕೊಂಡು ಹೇಳಿದ್ದಳು.

ಉಳಿದವರಿಗೆ ಮಾತು ಬೇಕಲ್ಲ. ಯಕ್ಷಗಾನದಲ್ಲಿ ಪದ್ಯ ಮಾತ್ರ ಕಟ್ಟಿಟ್ಟದ್ದು; ನಡುವಿನ ಮಾತೆಲ್ಲ ಪಾತ್ರಧಾರಿ ಆ ಹೊತ್ತಿಗೆ ಹೊಳೆದದ್ದನ್ನು ಆಡಬೇಕು. ಬೇರೆ ಶಾಲೆಗಳಲ್ಲಿ ಅದನ್ನೂ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ನನಗೆ ಎಲ್ಲಿತ್ತೋ ತವರೂರಿನ ಗತ್ತು, ಆಗ ಬಂತು. "ಗಿಳಿಪಾಠ ನಮ್ಮಲ್ಲಿ ಬೇಡ. ಎದುರಿನವರು ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಅದಕ್ಕೆ ಉತ್ತರ ಹೇಳಿ" ಎಂದು ಅಪ್ಪಣೆ ಮಾಡಿದೆ. ಮಕ್ಕಳು ಇಷ್ಟು ವಿಧೇಯರೆಂದು ನನಗೇನು ಗೊತ್ತು!

ಗ್ಯಾದರಿಂಗಿನ ದಿನ ಮಧ್ಯಾಹ್ನ ಆಟ ಸುರುವಾಯಿತು. ರಾಕ್ಷಸ ಮಾರುತಿ, ತ್ಯಾಗಲಿ ಕಡೆಯ ರೈತರ ಮಗ, ಗಂಟಲು ದೊಡ್ಡದು, ಮನಸ್ಸು ಬೆಣ್ಣೆ. ಬಂದು ಆರ್ಭಟಿಸಿದ್ದಕ್ಕೆ ಮುಂದಿನ ಸಾಲಿನ ಎರಡು ಶಿಶುಗಳು ಅತ್ತವು. ನಾನು ಹಿಗ್ಗಿದೆ. ದೂತೆಯಾಗಿ ಬಂದವಳು ಶ್ರೀಲತಾ; ಅರ್ಧ ಅಂಕ ಕಡಿಮೆ ಕೊಟ್ಟರೆ ಸ್ಟಾಫ್ ರೂಮಿನ ತನಕ ಬಂದು ವಾದ ಮಾಡುವ ಹುಡುಗಿ.

"ರಾಕ್ಷಸೇಂದ್ರಾ, ತಡೆದ ನೀರನ್ನು ನೀನು ಏನು ಮಾಡುತ್ತೀಯೆ?"

"ಕುಡಿಯುತ್ತೇನೆ!"

"ಹೊಟ್ಟೆ ತುಂಬಿದ ಮೇಲೆ ಉಳಿದದ್ದು?"

"ನಿಂತಿರುತ್ತದೆ!"

"ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುವುದಿಲ್ಲವೇ? ಮಲೇರಿಯಾ ಬಂದರೆ ಮೊದಲು ಮಲಗುವವರು ಯಾರು? ಹೊಳೆಯ ದಂಡೆಯಲ್ಲಿರುವ ನಿನ್ನ ಮಕ್ಕಳಲ್ಲವೇ?"

ಅಯ್ಯೋ ಶಿವನೇ, ಅದು ನಾನೇ ಹಿಂದಿನ ವಾರ ಮಾಡಿದ ಪಾಠ! ಮಾರುತಿ ಯೋಚಿಸತೊಡಗಿದ. ಎಡವಟ್ಟಾದದ್ದು ಅಲ್ಲೇ, ರಂಗದ ಮೇಲೆ ರಾಕ್ಷಸರು ಯೋಚಿಸಬಾರದು. ಅವನು ಕಿರೀಟದ ಕೆಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡ. ಗದೆ ಕೆಳಗಿಟ್ಟ.

"ಅದೂ ಹೌದು. ಆಗ್ಲಿ, ನಾ ನೀರು ಬಿಡ್ತೆ."

ಸಭೆ ಹೋ ಎಂದಿತು. "ಪಂಚಾಯ್ತಿಲಿ ಆಗದ್ದು ಇಲ್ಲಿ ಆತಲ!" ಎಂದು ಯಾರೋ ಕೂಗಿದರು. ನಾನು ಪರದೆಯ ಬದಿಯಿಂದ ಎರಡೂ ಕೈ ಬೀಸಿ 'ಒಪ್ಪಬೇಡ, ಒಪ್ಪಬೇಡ' ಎಂದು ಸನ್ನೆ ಮಾಡಿದೆ. ಮಾರುತಿ ಸಭೆಗೆ ಬೆನ್ನು ಹಾಕಿ ನನ್ನನ್ನೇ ಕೇಳಿದ: "ಅವ್ಳು ಹೇಳೂದು ಸರಿನೇ ಅಲ್ರಾ ಅಕ್ಕೋರೇ?"

ಎಂಥೆಂಥ ಪಂಡಿತರು ಬೆಳತನಕ ವಾದ ಮಾಡುವುದನ್ನು ಕೇಳಿ ಬೆಳೆದವಳು ನಾನು. ಶ್ಲೋಕಕ್ಕೆ ಶ್ಲೋಕ, ತರ್ಕಕ್ಕೆ ತರ್ಕ. ಅವರಲ್ಲಿ ಒಬ್ಬರಾದರೂ ಎದುರಿನವರಿಗೆ 'ನೀವು ಹೇಳಿದ್ದು ಸರಿ' ಎಂದದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಯಲ್ಲಂತೂ ಆ ವಾಕ್ಯ ಇನ್ನೂ ಹುಟ್ಟಬೇಕಷ್ಟೆ. ಮಾರುತಿಯ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅವನನ್ನು ಮುದ್ದು ಮಾಡಬೇಕು ಎಂದೂ ಅನ್ನಿಸಿತು.

ಆಗ ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ವಿನಾಯಕ. ಕಿರೀಟ, ಎದೆಪದಕ, ಗೆಜ್ಜೆ, ಎಲ್ಲ ಕಟ್ಟಿಕೊಂಡು ನಿಂತಿದ್ದ.

"ಯುದ್ಧ ಇಲ್ಯಾ?" ಎಂದ ಪಿಸುದನಿಯಲ್ಲಿ. ಕಣ್ಣಲ್ಲಿ ನೀರು ತುಂಬಿ, ಬಣ್ಣದ ಮೇಲೆ ಇಳಿಯಲು ಕಾದಿತ್ತು.

ಹೆಂಗಸರ ಸಾಲಿನಲ್ಲಿ ಇವನ ತಾಯಿ ಕುಳಿತಿದ್ದಾಳೆ. ಯುದ್ಧವಿಲ್ಲ ಎಂದರೆ ಈ ಹುಡುಗ ರಂಗಕ್ಕೇ ಹೋಗುವಂತಿಲ್ಲ. ಬಗ್ಗಿಕೊಂಡು ಭಾಗವತರ ಹತ್ತಿರ ಓಡಿದೆ. "ಯುದ್ಧದ ಪದ್ಯ ಎತ್ತಿಬಿಡಿ ಭಾಗವತರೇ" ಎಂದೆ. ಅವರು ತಾಳವನ್ನು ತೊಡೆಯ ಮೇಲಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

"ಎಂತ ಹೇಳ್ತ್ರಿ ಅಕ್ಕೋರೇ? ಮಾತಿಗೆ ಒಪ್ಪಿದವನ ಮೇಲೆ ಯುದ್ಧ ಮಾಡಲಾಗ್ತಿಲ್ಲೆ. ಅಧರ್ಮ."

ಅತ್ತ ಕಡೆಯಿಂದ ಹೆಡ್ ಮಾಸ್ತರರು "ಮಂಗಳ, ಮಂಗಳ" ಎಂದು ಕೈಸನ್ನೆ ಮಾಡುತ್ತಿದ್ದರು. ಭಾಗವತರು ಮಂಗಳಕ್ಕೆ ಗಂಟಲು ಸರಿಮಾಡಿಕೊಂಡರು. ನನಗೆ ಇನ್ನೇನೂ ತೋಚಲಿಲ್ಲ. ವಾಪಸು ಓಡಿಬಂದು "ಹೋಗು ಮಾರಾಯಾ" ಎಂದು ವಿನಾಯಕನ ಬೆನ್ನಿಗೆ ಕೈಕೊಟ್ಟು ರಂಗಕ್ಕೆ ತಳ್ಳಿಬಿಟ್ಟೆ.

ಅವನು ನಡುರಂಗಕ್ಕೆ ಹೋಗಿ ನಿಂತ. ವೇಷವೊಂದು ಎದುರು ಬಂದು ನಿಂತರೆ 'ಬಂದ ಕಾರಣವೇನು' ಎಂದು ಕೇಳುವುದು ಭಾಗವತರ ಪದ್ಧತಿ. ಇವರು ಅಭ್ಯಾಸಬಲದಿಂದ ಕೇಳಿಯೇಬಿಟ್ಟರು:

"ಮಹಾರಾಜರೇ, ಯುದ್ಧವಂತೂ ನಿಂತುಹೋಯಿತು. ತಾವು ಬಂದ ಕಾರಣವೇನು?"

ಭಾಗವತರ ನಾಲಗೆ ಬಿದ್ದುಹೋಗಲಿ ಎಂದು ಆಗ ನಾನು ಶಪಿಸಿದ್ದು ನಿಜ. ಕೆಳಗೆ ಮುನ್ನೂರು ಜನ, ರಂಗದ ಮೇಲೆ ಬಾಯಿಲ್ಲದ ಹುಡುಗ. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ನನಗೆ ಕಾಣುತ್ತಿತ್ತು. ವಿನಾಯಕ ಮಾರುತಿಯನ್ನು ನೋಡಿದ, ತನ್ನ ಗೆಜ್ಜೆ ನೋಡಿಕೊಂಡ, ಆಮೇಲೆ ಸಭೆಯನ್ನು ನೋಡಿದ.

"ಆನು ಕುಣಿಯಲೆ ಬಂದಿದ್ದು" ಎಂದ. ಗಟ್ಟಿಯಾಗಿ, ಕೊನೆಯ ಸಾಲಿಗೂ ಕೇಳುವ ಹಾಗೆ.

ಕಿರೀಟ ಇಟ್ಟ ರಾಜ 'ನಾನು' ಎನ್ನದೆ 'ಆನು' ಎಂದು ಮನೆಮಾತು ಆಡಿದರೆ ನಮ್ಮ ಕಡೆ ಜನ ಸುಮ್ಮನೆ ಬಿಡುವುದಿಲ್ಲ. ಅವತ್ತು ಒಬ್ಬರೂ ನಗಲಿಲ್ಲ. ರಾಜ್ಯಕ್ಕಾಗಿ ಬಂದೆ, ಮಾನಕ್ಕಾಗಿ ಬಂದೆ ಎನ್ನುವ ರಾಜರನ್ನು ನೋಡಿ ನೋಡಿ ನಮಗೆಲ್ಲ ಸಾಕಾಗಿತ್ತೋ ಏನೋ. ಅವರೂ ಕುಣಿಯುವುದಕ್ಕೇ ಬಂದಿದ್ದು, ಹಾಗೆಂದು ಹೇಳಲು ನಾಚಿಕೆಯಾಗಿ ಯುದ್ಧದ ನೆವ ತೆಗೆದಿರಬಹುದು ಎಂದು ನನಗೆ ಈಗ ಗುಮಾನಿ.

"ಹಾಂಗಾದ್ರೆ ಕುಣಿ ಮಾರಾಯಾ!" ಎಂದು ಭಾಗವತರು ತಾಳ ಎತ್ತಿಕೊಂಡರು. ಯುದ್ಧದ ಪದ್ಯದ ಮಟ್ಟು ಮಾತ್ರ ಇಟ್ಟುಕೊಂಡು, ಮಾತು ಬಿಟ್ಟು, ಬರಿಯ ತೈತ ತೈತ ಎಂದು ಹಾಡಿದರು. ವಿನಾಯಕ ಮಂಡಿ ಹಾಕುತ್ತ ರಂಗವನ್ನೆಲ್ಲ ಸುತ್ತಿದ. ಮಾರುತಿಗೆ ತಡೆಯಲಾಗದೆ ಅವನೂ ಜೊತೆಗೆ ಕುಣಿದ. ಶ್ರೀಲತಾ ಸುಮ್ಮನೆ ನಿಲ್ಲುವವಳೇ?

ಆಟ ಮುಗಿದ ಮೇಲೆ ಹೆಡ್ ಮಾಸ್ತರರು "ಮುಂದಿನ ವರ್ಷ ಬಾಯಿಪಾಠ ಮಾಡ್ಸಿ ಅಕ್ಕೋರೇ" ಎನ್ನುತ್ತಿರುವಾಗಲೇ ವಿನಾಯಕನ ತಾಯಿ ಜನರನ್ನು ಸರಿಸಿಕೊಂಡು ಬಂದಳು. ಕುಣಿತದ ಬಗ್ಗೆ ಹೊಗಳುತ್ತಾಳೆ ಎಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ. ಅವಳು ಕುಣಿತವನ್ನು ನೋಡಿದ್ದಳೋ ಇಲ್ಲವೋ.

"ಮಾಣಿ ಮಾತಾಡ್ದ ಅಕ್ಕೋರೇ! ಎಲ್ಲರೆದುರಿಗೆ ಮಾತಾಡ್ದ!" ಎಂದು ಅತ್ತೇಬಿಟ್ಟಳು.

ಮಾತು ಬಾರದವನೆಂದು ನಾನು ಅವನಿಗೆ ಮಾತೇ ಇಲ್ಲದ ಪಾತ್ರ ಮಾಡಿಕೊಟ್ಟಿದ್ದೆ. ಹೇಳಲೇಬೇಕಾದದ್ದು ಒಂದಿದ್ದರೆ ಬಾಯಿ ತಾನಾಗಿ ಬರುತ್ತದೆ ಎಂದು ಈ ವಿಜ್ಞಾನದ ಅಕ್ಕೋರಿಗೆ ಯಾರು ಕಲಿಸಬೇಕಿತ್ತು!