ಭಾವನ ತೋಳಿನ ಕಪ್ಪು ಪಟ್ಟಿ

ನನ್ನ ಭಾವ ಏಮಸ್ ಕಿಟ್ಟೋ ಕೆಟ್ಟವನೆಂದು ನಾನು ಹೇಳುವುದಿಲ್ಲ. ಬೆನ್ನುಮೂಳೆ ಇಲ್ಲದವನು, ಅಷ್ಟೆ. ಹದಿನೇಳು ವರ್ಷದಿಂದ ನೌಕಾಪಡೆಯ ಲೆಫ್ಟಿನೆಂಟ್. ಫ್ರೆಂಚರ ಜೊತೆಗಿನ ಯುದ್ಧ ನಿಂತು ಮೂರು ವರ್ಷವಾಗಿತ್ತು. ಅಂದಿನಿಂದ ಹಡಗಿಲ್ಲದೆ, ಅರ್ಧ ಸಂಬಳದಲ್ಲಿ ದಡದ ಮೇಲೆ ಕೂತಿದ್ದ. ನಮ್ಮ ಬಂದರೂರು ಗಾಸ್‌ಪೋರ್ಟಿನಲ್ಲಿ ಅಂಥವರು ಬೀದಿಗೆ ಹತ್ತು ಜನ. ಶಾಂತಿಕಾಲದಲ್ಲಿ ಹಡಗು ಬೇಕೆಂದರೆ ಶೌರ್ಯ ಸಾಲದು, ದೊಡ್ಡವರ ಬಾಗಿಲು ಕಾಯಬೇಕು.

ಅವನ ಹೆಂಡತಿ, ನನ್ನ ಅಕ್ಕ ಡೋರ್ಕಸ್ ತೀರಿಕೊಂಡ ಒಂಬತ್ತನೆಯ ದಿನವೇ ಅವನು ಅಡ್ಮಿರಲ್ ಥರ್ಲೋನ ಮನೆಗೆ ಹೊರಟ. ಸೂತಕದ ಕಪ್ಪು ಪಟ್ಟಿಯನ್ನು ಅವನ ಕೋಟಿನ ಎಡತೋಳಿಗೆ ಹೊಲಿದುಕೊಟ್ಟವಳು ನಾನೇ.

ಅಡ್ಮಿರಲ್ಲನ ಮಗ ಜಮೈಕಾದಲ್ಲಿ ಜ್ವರದಿಂದ ಸತ್ತ ಸುದ್ದಿ ಆ ವಾರವಷ್ಟೇ ಬಂದಿತ್ತು. ಕೆಲಸ ಬೇಡಲು ಬಂದ ಅಧಿಕಾರಿಗಳೆಲ್ಲ, ಆ ಮಗನ ಮುಖ ನೋಡದವರೂ ಸಹ, ತೋಳಿಗೆ ಕಪ್ಪು ಸುತ್ತಿಕೊಂಡು ಹಜಾರದಲ್ಲಿ ಕೂತಿದ್ದರಂತೆ. ನಾಚಿಕೆಗೆಟ್ಟವರು. ಮುದುಕ ಅಡ್ಮಿರಲ್ ನನ್ನ ಭಾವನ ತೋಳು ಮುಟ್ಟಿ, ಇದು ನನ್ನ ಮಗನಿಗಾಗಿಯೇ ಎಂದು ಕೇಳಿದ. ಭಾವ ಹೌದೆಂದ. ಮುದುಕನ ಕಣ್ಣು ತುಂಬಿತು. ಹಿಂದೊಮ್ಮೆ ಅಕ್ಕನನ್ನು ಕಂಡಿದ್ದವನು, ಹೆಂಡತಿ ಹೇಗಿದ್ದಾಳೆಂದು ವಿಚಾರಿಸಿದ. ಚೆನ್ನಾಗಿದ್ದಾಳೆ ಎಂದ ನನ್ನ ಭಾವ. ಮುಂದಿನ ತಿಂಗಳು ಹೊರಡುವ ಹಡಗಿನಲ್ಲಿ ಜಾಗ ಕೊಡಿಸುವ ಮಾತು ಸಿಕ್ಕಿತು.

ಇದನ್ನೆಲ್ಲ ನನ್ನ ಅಡುಗೆಮನೆಯಲ್ಲಿ ಕೂತು, ನಾನು ಮಾಡಿದ ಕುರಿಮಾಂಸದ ಕಡುಬು ಅಗಿಯುತ್ತ ಹೇಳಿದ.

"ಇನ್ನೇನ್ ಹೇಳ್ಬೇಕಿತ್ತು, ಟ್ಯಾಮ್ಸಿನ್? ಹೋದವಳು ಹೋದ್ಲು. ನಾನು ಬದುಕ್ಬೇಕಲ್ಲ."

"ಹೋದವಳನ್ನ ಆ ಮುದುಕನ ಮುಂದೆ ಬದುಕಿಸಿಬಿಟ್ಟೆಯಲ್ಲ ಭಾವ, ಭೇಷ್," ಎಂದೆ. ಮೈಯೆಲ್ಲ ಉರಿಯುತ್ತಿತ್ತು. ಆದರೂ ಮೂರು ವರ್ಷದ ಮೇಲೆ ಅವನ ಮುಖದಲ್ಲಿ ಕಳೆ ಕಂಡು, ಹಾಳಾಗಿ ಹೋಗಲಿ, ಸುಮ್ಮನಿರೋಣ ಎಂದುಕೊಂಡೆ.

ಮರುದಿನ ಅಡ್ಮಿರಲ್ಲನ ಹೆಂಡತಿಯ ಸೇವಕಿ ಭಾವನ ಮನೆಗೆ ಬಂದಳು. ಬಾಗಿಲು ತೆಗೆದವಳು ನಾನು. ಭಾನುವಾರ ಗಂಡಹೆಂಡಿರಿಬ್ಬರೂ ಊಟಕ್ಕೆ ಬರಬೇಕೆಂಬ ಚೀಟಿ ತಂದಿದ್ದಳು. ಅದನ್ನು ಡೋರ್ಕಸ್ ಅಮ್ಮಾವ್ರ ಕೈಗೇ ಕೊಡಬೇಕಂತೆ. ನನ್ನ ಬೆನ್ನ ಹಿಂದಿನಿಂದ ಭಾವ, ಅವಳು ಪೇಟೆಗೆ ಹೋಗಿದ್ದಾಳೆ ಎಂದ. ಎಷ್ಟು ಸಲೀಸಾಗಿ ಹೇಳಿದ.

"ನಮ್ಮಕ್ಕ ಸತ್ತು ಹತ್ತು ದಿನ ಆಯ್ತು ಕಣಮ್ಮ," ಎಂದೆ. "ಇವನ ತೋಳಲ್ಲಿದ್ದ ಪಟ್ಟಿ ಅವಳ ಸೂತಕದ್ದು. ನಿಮ್ಮ ಅಮ್ಮಾವ್ರಿಗೆ ಹಾಗೇ ಹೇಳು."

ಸೇವಕಿ ಚೀಟಿಯನ್ನು ವಾಪಸ್ ತೆಗೆದುಕೊಂಡು ಹೋದಳು. ಹಡಗು ಕೈತಪ್ಪಿತೆಂದು ಇಬ್ಬರಿಗೂ ಗೊತ್ತಾಯಿತು. ಭಾವ ಬಾಗಿಲಲ್ಲೇ ಕುಸಿದು ಕೂತು ಗಳಗಳನೆ ಅತ್ತ. ಅಕ್ಕ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.