ಬಿಲಾತಿಗೆ ಹೊರಟವರಿಗೆ ಎಂಟಾಣೆ

ಹೊನ್ನಾವರದ ಕೋರ್ಟಿನಲ್ಲಿ ನಾನು ಗುಮಾಸ್ತನಾಗಿದ್ದೆ. ಅರವತ್ತರ ದಶಕದ ಆರಂಭ, ನನಗೆ ಇಪ್ಪತ್ತಾರು ವರ್ಷ. ನಾನಿಲ್ಲದಿದ್ದರೆ ಕೋರ್ಟಿನ ಬಾಗಿಲೇ ತೆರೆಯುವುದಿಲ್ಲ ಎಂಬ ಧಿಮಾಕು ಬೇರೆ. ಆ ಧಿಮಾಕು ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ.

ನಮ್ಮ ಕೋರ್ಟಿನ ನ್ಯಾಯಾಧೀಶರಾದ ಮುನ್ಸೀಫರನ್ನು ತರಬೇತಿಗಾಗಿ ಇಂಗ್ಲೆಂಡಿಗೆ ಕಳಿಸುವುದೆಂದು ಸರ್ಕಾರದ ಆದೇಶ ಬಂತು. ಹಡಗಿನ ಖರ್ಚು, ಅಲ್ಲಿಯ ಊಟ ವಸತಿ ಸರ್ಕಾರದ್ದು. ಚಳಿಯ ಬಟ್ಟೆ ಮಾತ್ರ ಅವರ ಕೈಯಿಂದಲೇ ಆಗಬೇಕು. ಅವರ ಸಂಬಳ ಎಷ್ಟೆಂದು ಬಲ್ಲವನು ನಾನು. ಒಂದು ಉಣ್ಣೆಯ ಕೋಟು ಹೊಲಿಸಿದರೆ ಮನೆಯಲ್ಲಿ ಎರಡು ತಿಂಗಳು ಕಷ್ಟವಾಗುತ್ತಿತ್ತು. ದೂರ ಹೊರಟವರ ಕೈಯಲ್ಲಿ ಊರಿನವರು ಏನಾದರೂ ಇಟ್ಟು ಕಳಿಸುವುದು ನಮ್ಮಲ್ಲಿ ಹೊಸದಲ್ಲ. ಮುನ್ಸೀಫರಿಗೆ ಹೇಳದೆಯೇ ನಾನು ವಂತಿಗೆ ಎತ್ತಲು ಹೊರಟೆ.

ಹೊನ್ನಾವರದ ವಕೀಲರು ಕೊಟ್ಟರು, ಕುಮಟೆಯ ಜವಳಿ ಅಂಗಡಿಯವರು ಕೊಟ್ಟರು, ಭಟ್ಕಳದ ವ್ಯಾಪಾರಿಯೊಬ್ಬರು ಚಹಾ ಕುಡಿಸಿ ಕೊಟ್ಟರು. ಒಂದು ದಿನ ಕೋರ್ಟಿನ ಜಗಲಿಯಲ್ಲಿ ಕೂತು ಪಟ್ಟಿ ಬರೆಯುತ್ತಿದ್ದಾಗ ಭಟ್ಕಳದಾಚೆಯ ಬೆಳಕೆ ಎಂಬ ಹಳ್ಳಿಯ ಮುದುಕಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು. ಅವಳ ದಾವೆ ಆರು ವರ್ಷದಿಂದ ನಡೆದಿತ್ತು. ಬಾವಿಗೆ ಹೋಗುವ ದಾರಿಗೆ ನೆರೆಯವನು ಬೇಲಿ ಹಾಕಿಬಿಟ್ಟಿದ್ದ. ಅಂದಿನಿಂದ ಅವಳು ಗದ್ದೆಯ ಅಂಚಿನಲ್ಲಿ ಸುತ್ತಿ ಬಂದು ನೀರು ಹೊರುತ್ತಿದ್ದಳು. ವಾದವೆಲ್ಲ ಮುಗಿದಿತ್ತು, ಮುನ್ಸೀಫರು ಹೊರಡುವ ಮೊದಲು ತೀರ್ಪು ಬರುವುದಿತ್ತು.

"ಎಂತ ಬರೀತೆ ತಮ್ಮಾ?" ಎಂದು ಕೇಳಿದಳು. ಹೇಳಿದೆ. ಸೆರಗಿನ ಗಂಟು ಬಿಚ್ಚಿ ಎಂಟಾಣೆ ಕೊಟ್ಟಳು. ನಾನು ಅವಳ ಹೆಸರನ್ನೂ ದುಂಡಗೆ ಬರೆದುಕೊಂಡೆ.

ಹಣದ ಲಕೋಟೆಯನ್ನೂ ಪಟ್ಟಿಯನ್ನೂ ಮುನ್ಸೀಫರ ಮೇಜಿನ ಮೇಲಿಟ್ಟು, ಬೆನ್ನು ತಟ್ಟುತ್ತಾರೆಂದು ಕಾದು ನಿಂತೆ. ಅವರು ಪಟ್ಟಿಯನ್ನು ಎರಡು ಸಲ ಓದಿದರು.

"ಇದರಲ್ಲಿ ನನ್ನ ಮುಂದೆ ದಾವೆ ಇರುವವರೂ ಇದ್ದಾರಲ್ಲ?" ಎಂದರು. "ಎಲ್ಲರಿಗೂ ವಾಪಸು ಕೊಟ್ಟು ಸಹಿ ತನ್ನಿ. ಯಾರ ಸಹಿ ಬರುವುದಿಲ್ಲವೋ ಅವರ ದಾವೆಯನ್ನು ನಾನು ಮುಟ್ಟುವುದಿಲ್ಲ. ಬೇರೆ ಕೋರ್ಟಿಗೆ ಕಳಿಸಿ ಎಂದು ಕಾರವಾರದ ಜಿಲ್ಲಾ ಕೋರ್ಟಿಗೆ ಬರೆಯುತ್ತೇನೆ."

ನನಗೆ ಮುಖ ಎತ್ತಲಾಗಲಿಲ್ಲ. ಆದರೂ ವಾರದೊಳಗೆ ಕುಮಟೆ, ಹೊನ್ನಾವರ ಮುಗಿಸಿದೆ. ಶರಾವತಿಯನ್ನು ತಾರಿಯ ದೋಣಿಯಲ್ಲಿ ದಾಟಿ, ಬಸ್ಸು ಹಿಡಿದು ಭಟ್ಕಳಕ್ಕೂ ಹೋಗಿ ಬಂದೆ. ವ್ಯಾಪಾರಿ ಈ ಸಲ ಚಹಾ ಕೊಡಲಿಲ್ಲ. ಕೊನೆಗೆ ಉಳಿದದ್ದು ಬೆಳಕೆ.

ಮುದುಕಿ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಎಂಟಾಣೆ ನೀಡಿದರೆ ಕೈ ಹಿಂದಕ್ಕೆಳೆದುಕೊಂಡಳು.

"ಹಡಗು ಹತ್ತೂಕೆ ಹೊಂಟವ್ರಿಗೆ ಕೊಟ್ಟದ್ದು ವಾಪಸ್ ತಕಂಬುದಾ? ಅವ್ರು ತಿರುಗಿ ಬರೂದು ಬ್ಯಾಡ್ವಾ?"

"ತಗೊಳ್ಳದಿದ್ರೆ ನಿಮ್ಮ ತೀರ್ಪು ಆಗೂದಿಲ್ಲ ಅಮ್ಮಾ. ಮತ್ತೆ ಎಷ್ಟು ವರ್ಷವೋ."

"ಆಗದಿದ್ರೆ ಸುತ್ತಿ ಬಂದೇ ನೀರು ಹೊರ್ತೆ. ಅವ್ರಿಗೂ ಹೆಂಡ್ತಿ ಮಕ್ಳಿದ್ದಾರಲ್ಲ."

ಒಂದು ತಾಸು ವಾದಿಸಿದೆ. ಕಡೆಗೆ ಅವಳೇ ದಾರಿ ತೋರಿಸಿದಳು. "ಹೆಬ್ಬೆಟ್ಟು ಬೇಕಾದ್ರೆ ಹತ್ತು ಸರ್ತಿ ಒತ್ತುವೆ. ದುಡ್ಡು ಮಾತ್ರ ಮುಟ್ಟೂದಿಲ್ಲ."

ಒತ್ತಿಸಿಕೊಂಡೆ. ನಾಣ್ಯ ನನ್ನ ಜೇಬಿನಲ್ಲೇ ಉಳಿಯಿತು, ಹೆಬ್ಬೆಟ್ಟಿನ ಕಾಗದ ಮುನ್ಸೀಫರ ಮೇಜಿಗೆ ಹೋಯಿತು. ಕೋರ್ಟಿನ ನೌಕರ ಮಾಡಬಾರದ ಕೆಲಸ ಅದು. ಮುದುಕಿಗೆ ನ್ಯಾಯ ಬೇಗ ಸಿಗಲಿ ಎಂದೇ ಮಾಡಿದೆ, ಅವಳು ಗೆಲ್ಲುತ್ತಾಳೆಂಬ ಬಗ್ಗೆ ನನಗೆ ಚೂರೂ ಅನುಮಾನವಿರಲಿಲ್ಲ.

ತೀರ್ಪು ಬಂದದ್ದು ಶುಕ್ರವಾರ. ಆ ದಾರಿಗೆ ಕಾಗದದಲ್ಲಿ ಆಧಾರವಿಲ್ಲ ಎಂದು ಮುನ್ಸೀಫರು ದಾವೆಯನ್ನು ವಜಾ ಮಾಡಿದರು. ಮುದುಕಿ ಅಂದು ಬಂದಿರಲಿಲ್ಲ. ನಾನು ನಿಜ ಹೇಳಿದ್ದರೆ ಈ ದಾವೆ ಬೇರೊಬ್ಬರ ಮುಂದೆ ಹೋಗುತ್ತಿತ್ತು.

ಸೋಮವಾರ ಬೆಳಿಗ್ಗೆ ಅವರು ಹೊರಟರು. ಕುಮಟೆಯ ಮೇಲೆ ಹುಬ್ಬಳ್ಳಿ, ಅಲ್ಲಿಂದ ಮುಂಬಯಿ. ಹೊಸ ಕೋಟು ಇರಲಿಲ್ಲ. ಕೋರ್ಟಿನ ಕರಿಯ ಕೋಟಿನೊಳಗೆ ಹೆಂಡತಿ ಹೆಣೆದ ಸ್ವೆಟರು ಹಾಕಿಕೊಂಡು ಬೆವರುತ್ತ ನಿಂತಿದ್ದರು. ಟ್ರಂಕನ್ನು ಬಸ್ಸಿನ ಮೇಲೇರಿಸಿದ ಹಮಾಲ ಎಂಟಾಣೆ ಕೇಳಿದ. ಅವರ ಕೈಯಲ್ಲಿ ಹತ್ತರ ನೋಟು, ಯಾರಲ್ಲೂ ಚಿಲ್ಲರೆ ಇಲ್ಲ, ಡ್ರೈವರು ಹಾರ್ನ್ ಒತ್ತುತ್ತಿದ್ದಾನೆ. ನಾನು ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದು ಬೆಳಕೆಯ ನಾಣ್ಯ. ಹಮಾಲನಿಗೆ ಕೊಟ್ಟುಬಿಟ್ಟೆ.

"ಬಂದಮೇಲೆ ಕೊಡುತ್ತೇನೆ, ನೆನಪಿಸಿ" ಎಂದರು ಮುನ್ಸೀಫರು.

ಹದಿನೈದು ದಿನ ಬಿಟ್ಟು ತೀರ್ಪಿನ ನಕಲಿಗೆ ಮುದುಕಿ ಬಂದಳು. ಸೋತದ್ದು ಅವಳಿಗೆ ಆಗಲೇ ಗೊತ್ತಾಗಿತ್ತು. ಜಗಲಿಯ ಮೇಲೆ ಕೂತು ಕಾಲು ನೀವಿಕೊಂಡಳು.

"ಸಾಯೇಬ್ರು ಹಡಗು ಹತ್ತಿದ್ರಾ?"

"ಹತ್ತಿದ್ರು. ನಿಮ್ಮ ಎಂಟಾಣೆ ಅವರ ಟ್ರಂಕಿಗೆ ಆತು ಅಮ್ಮಾ," ಎಂದು ನಡೆದದ್ದನ್ನೆಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ.

ಅವಳು ಬೈಯಲಿಲ್ಲ. "ಆತು, ಮುಟ್ಟಿತಲ್ಲ," ಎಂದಳು. ಮತ್ತೆ ಕೇಳಿದಳು, "ಇನ್ನು ಎಲ್ಲಾದ್ರೂ ಕೇಳೂಕೆ ಬತ್ತದಾ?"

"ಕಾರವಾರದಲ್ಲಿ ಅಪೀಲು ಹಾಕಬಹುದು. ಅಲ್ಲಿ ಬೇರೆ ಸಾಯೇಬರಿದ್ದಾರೆ."

ಅವಳು ನಕಲನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಹಾಕುವಾ. ಆದ್ರೆ ತಮ್ಮಾ, ಕಾರವಾರದ ಸಾಯೇಬ್ರು ಎಲ್ಲಿಗಾದ್ರೂ ಹೊಂಟ್ರೆ ನಂಗೆ ಹೇಳ್ಬ್ಯಾಡ."