ಬೂದಿ ನೀರಿನಲ್ಲಿ ಕುದಿಸಿದ ಬಲೆ

ಹದ್ದಿನ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ಆಕಾಶದಲ್ಲಿ ಅದು ಸುತ್ತು ಹಾಕುವುದನ್ನು ಓಣಿಯ ಮಕ್ಕಳು ಕೈ ಮಾಡಿ ತೋರಿಸಿದರೆ ನಾನು ಎದ್ದು ಒಳಗೆ ಹೋಗುತ್ತೇನೆ.

ನಮ್ಮದು ವಳಸಂಗದ ಆಚೆ, ಆಗಿನ ಅಕ್ಕಲಕೋಟ ಸಂಸ್ಥಾನದ ಹಳ್ಳಿ. ಲಿಂಗ ಕಟ್ಟಿದ ಮನೆ. ಎತ್ತು, ಎಮ್ಮೆ, ಆಕಳು ಎಂದರೆ ನಮ್ಮವರಿಗೆ ಜೀವ. ಕೋಳಿ ತಪ್ಪಿ ಅಂಗಳಕ್ಕೆ ಬಂದರೂ ನಮ್ಮತ್ತೆ ಸೆಗಣಿ ಹಾಕಿ ಸಾರಿಸುತ್ತಿದ್ದರು. ಅಂಥ ಮನೆಯ ಅತ್ತೆ ಸೊಸೆ ಕೂತು ಕೋಳಿ ದೊಡ್ಡಿಯ ಮೇಲೆ ಏನು ಮುಚ್ಚಬೇಕೆಂದು ತಲೆ ಕೆಡಿಸಿಕೊಂಡೆವೆಂದರೆ ಯಾರು ನಂಬುತ್ತಾರೆ?

ನನ್ನ ಗಂಡ ಸೊಲ್ಲಾಪುರದ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಒಂದು ದೀಪಾವಳಿಗೆ ಬಂದವರು ಕೆಮ್ಮುತ್ತಲೇ ಬಂದರು. ಹೋದ ದೀಪಾವಳಿಗೆ ಹೊಲಿಸಿದ ಅಂಗಿ ಮೈಮೇಲೆ ಜೋಲುತ್ತಿತ್ತು. ಚಕ್ಕಡಿ ಕಟ್ಟಿ ಸೊಲ್ಲಾಪುರಕ್ಕೇ ತಿರುಗಿ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಎದೆಗೆ ಕಿವಿ ಹಚ್ಚಿ ನೋಡಿ, ಅತ್ತೆಯ ಕಡೆ ತಿರುಗಿ, "ಆಯೀ, ರೋಜ್ ದೋನ್ ಅಂಡೀ ದ್ಯಾ, ದುಧಾತೂನ" ಎಂದರು. ದಿನಾ ಎರಡು ತತ್ತಿ, ಹಾಲಿನಲ್ಲಿ. ಕೊಡದಿದ್ದರೆ ಬೇಸಿಗೆ ದಾಟುವುದು ಕಷ್ಟ ಎಂದೂ ಹೇಳಿದರು.

ಮನೆ ಮುಟ್ಟಿದ ಮೇಲೆ ಅತ್ತೆ ಬಾಗಿಲು ಮುಂದೆ ಮಾಡಿ ನನ್ನನ್ನೂ ಮೈದುನನನ್ನೂ ಕೂಡಿಸಿಕೊಂಡರು. "ಆಚಿ ಓಣ್ಯಾಗ ತತ್ತಿ ಕೇಳಾಕ ಹೋದ್ರ ಸಂಜೀತನಾ ಊರೆಲ್ಲ ಗೊತ್ತಾಗ್ತದ. ನಾಳಿ ನಮ್ಮ ಮನ್ಯಾಗ ಯಾರೂ ನೀರ ಕುಡಿಯಂಗಿಲ್ಲ. ಬಾವಿ ಹೊಲದಾಗ ನಾವಽ ಕೋಳಿ ಸಾಕೋಣು" ಎಂದರು. ನನಗೆ ಬೇರೇನೂ ತೋಚಲಿಲ್ಲ. ನನಗೆ ಗಂಡ ಉಳಿಯಬೇಕಿತ್ತು, ಅಷ್ಟೇ.

ನಮ್ಮ ಗುರುತಿನವರಿಲ್ಲದ ದುಧನಿಯ ಸಂತೆಗೆ ಹೋಗಿ ಮೈದುನ ಬುಟ್ಟಿಯ ಕೆಳಗೆ ಮುಚ್ಚಿ ಕೋಳಿ ತಂದ. ಬಾವಿಯ ಹತ್ತಿರ ಎದೆಯೆತ್ತರ ಕಲ್ಲು ಒಟ್ಟಿ ದೊಡ್ಡಿ ಮಾಡಿದೆವು. ದನದ ದೊಡ್ಡಿಗೆ ಸುತ್ತ ಗೋಡೆ ಇದ್ದರೆ ಸಾಕು, ನಾವು ಬಲ್ಲದ್ದು ಅಷ್ಟೇ. ಮೇಲಿನಿಂದ ಕಳ್ಳ ಬರುತ್ತಾನೆ ಎಂದು ದನ ಸಾಕಿದವರಿಗೆ ಹೇಗೆ ಗೊತ್ತಾಗಬೇಕು? ಮರುದಿನವೇ ಹದ್ದು ಎರಗಿ ನನ್ನ ಕಣ್ಣೆದುರು ಒಂದನ್ನು ಎತ್ತಿಕೊಂಡು ಹೋಯಿತು. ನಾನು ಹೊಲದ ತುದಿಯವರೆಗೂ ಬೈಯುತ್ತ ಓಡಿದೆ.

ಮೇಲೆ ಏನಾದರೂ ಹಾಕಲೇಬೇಕಾಯಿತು. "ತಗಡ ಹಾಕೋಣ್ರಿ ಅತ್ತಿ" ಎಂದೆ. "ಏ ಹುಚ್ಚಿ, ತಗಡ ಬಿಸಲಿಗಿ ಫಳಫಳ ಹೊಳಿತದ. ದಾರಿಗಿ ಹೋಗೋರೆಲ್ಲ ಕೆಳಗೇನದ ಅಂತ ಬಂದು ಹಣಿಕಿ ಹಾಕ್ತಾರ" ಎಂದರು. ಮೈದುನ ಜಾಲಿಮುಳ್ಳು ಕಡಿದು ಹೊದಿಸಿದ. ಹದ್ದು ಬರಲಿಲ್ಲ, ಆದರೆ ಒಣಗಿದ ಮುಳ್ಳು ಒಳಗೆ ಉದುರಿ ಕೋಳಿಗಳ ಕಾಲು ಬಾತವು. ಕುಂಟುವ ಕೋಳಿ ತತ್ತಿ ಎಲ್ಲಿಂದ ಇಡಬೇಕು? ಮುಳ್ಳು ತೆಗೆದು ಅತ್ತೆ ಹೇಳಿದಂತೆ ಜೋಳದ ಕಣಕಿ ಹೊದಿಸಿದೆವು. ಅದನ್ನು ನಮ್ಮ ಎತ್ತುಗಳೇ ಗೋಡೆಗೆ ಎದೆ ಕೊಟ್ಟು ಎಳೆದು ತಿಂದವು. ನನಗೆ ಅಳು ಬಂತು. ಅತ್ತೆ ಎತ್ತಿಗೆ ಒಂದು ಮಾತೂ ಅನ್ನಲಿಲ್ಲ.

ಕೊನೆಗೆ ಮೈದುನ ಭೀಮಾ ದಂಡೆಯ ಅಂಬಿಗರಿಂದ ಒಂದು ಬಲೆ ತಂದ. ಮೀನಿನ ಬಲೆ, ಕಂದು ಬಣ್ಣ, ಹಗ್ಗದಷ್ಟು ಬಿರುಸು. ಎಳೆದು ಕಟ್ಟಿದರೆ ದೂರದಿಂದ ಕಾಣುವುದೂ ಇಲ್ಲ, ಗಾಳಿ ಬೆಳಕು ತಡೆಯುವುದೂ ಇಲ್ಲ. "ವೈನಿ, ಇನ್ನ ಹದ್ದಿನ ಅಪ್ಪ ಬಂದ್ರೂ ಆಗಂಗಿಲ್ಲ" ಎಂದು ಅವನು ನಕ್ಕ. ನಾನೂ ನಕ್ಕೆ. ಎಷ್ಟೋ ದಿನಕ್ಕೆ ನಕ್ಕಿದ್ದೆ.

ಆದರೆ ಅತ್ತೆ ಮೂಗು ಮುಚ್ಚಿಕೊಂಡು ದೂರ ನಿಂತರು. ಮೀನು ಸತ್ತ ಬಲೆಯ ಕೆಳಗಿನ ತತ್ತಿ ತಮ್ಮ ಮಗನ ಹೊಟ್ಟೆಗೆ ಹೋಗಬಾರದು ಎಂದರು. ಕೋಳಿಯನ್ನು ಹೇಗೋ ನುಂಗಿಕೊಂಡ ಜೀವಕ್ಕೆ ಮೀನಿನ ವಾಸನೆ ಗಂಟಲಲ್ಲಿ ಸಿಕ್ಕಿತು. ಬಾವಿಯ ದಂಡೆಯಲ್ಲಿ ಒಲೆ ಹೂಡಿ, ಅರಿವೆ ಒಗೆಯುವ ಹಂಡೆಯಲ್ಲಿ ಬೂದಿ ನೀರು ಹಾಕಿ, ಬಲೆಯನ್ನು ಮತ್ತೆ ಮತ್ತೆ ಕುದಿಸಿದರು. ಕಂದು ರಸವೆಲ್ಲ ಬಿಟ್ಟಿತು. ಆಮೇಲೆ ಗೋಮೂತ್ರ ಚಿಮುಕಿಸಿ ಬಿಸಿಲಿಗೆ ಹರವಿದರು. ಬಲೆ ಬೆಳ್ಳಗೆ, ಮೆತ್ತಗೆ, ಮಡಿ ಸೀರೆಯ ಹಾಗೆ ಆಯಿತು. ಅತ್ತೆ ಅದನ್ನು ಮೂಸಿ ನೋಡಿ ಸಮಾಧಾನಪಟ್ಟು, ತಾವೇ ನಿಂತು ಕಟ್ಟಿಸಿದರು.

ಆ ಚಳಿಗಾಲ ನಮಗೆ ಒಳ್ಳೆಯದಾಯಿತು. ತತ್ತಿಯನ್ನು ಹಾಲಿನಲ್ಲಿ ಕಲಸಿ ಕೊಟ್ಟರೆ ನನ್ನ ಗಂಡ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಕುಡಿದ ಮೇಲೆ ನನ್ನ ಮುಖ ನೋಡುತ್ತಿರಲಿಲ್ಲ. ಆದರೂ ಮುಖದಲ್ಲಿ ಕಳೆ ಬಂತು. ಒಂದು ದಿನ ಬಾವಿಯವರೆಗೆ ನಡೆದು ಬಂದು, ದೊಡ್ಡಿಯ ಗೋಡೆ ಹಿಡಿದು ನಿಂತು, "ಇವು ಭಾಳ ಗದ್ದಲ ಮಾಡ್ತಾವಲ್ಲ" ಎಂದರು. ಬೇಸಿಗೆ ದಾಟುತ್ತದೆ ಎಂದು ನಾನು ನಂಬಿದೆ.

ಬಿಸಿಲು ಏರಿದಂತೆ ಬಲೆಯ ನೂಲು ಪುಡಿಯಾಗತೊಡಗಿತು. ಬೆರಳು ತಾಗಿದರೆ ಹರಿಯುತ್ತಿತ್ತು. ಆ ಕಂದು ರಸ ಮರದ ತೊಗಟೆಯದು, ನೂಲು ಕೊಳೆಯದಂತೆ ಅದನ್ನು ಏರಿಸಿರುತ್ತಾರೆ ಎಂದು ಮೈದುನ ಮತ್ತೆ ಭೀಮಾ ದಂಡೆಗೆ ಹೋದಾಗ ಕೇಳಿ ಬಂದ. ಹೊಸ ಬಲೆ ಸಿಗಲಿಲ್ಲ. ಅವನು ತಿರುಗಿ ಬರುವಷ್ಟರಲ್ಲಿ ಹದ್ದು ಹರಕಿನಿಂದ ಒಳಗಿಳಿದು ಕೋಳಿ ಎತ್ತಿಕೊಂಡು ಹೋಗಿತ್ತು. ಉಳಿದ ಕೋಳಿಗಳು ಗೋಡೆಯ ಮೂಲೆಗೆ ಒತ್ತಿಕೊಂಡು ಕೂತವು. ಹೆದರಿದ ಕೋಳಿ ತತ್ತಿ ಇಡುವುದಿಲ್ಲ, ಇದನ್ನೂ ನಾವು ಹೀಗೆಯೇ ಕಲಿತೆವು.

ನಾನು ಬಿಸಿಲಲ್ಲಿ ಕೋಲು ಹಿಡಿದು ದೊಡ್ಡಿಯೊಳಗೇ ನಿಂತೆ. ಎದ್ದರೆ ಹದ್ದು, ಕೂತರೆ ಹದ್ದು. ಕಾಳು ಹಾಕಿದೆ, ಕೈ ಮುಗಿದೆ, ಕೋಳಿಗಳನ್ನು ಹಡಬಿಟ್ಟಿಗಳೆಂದು ಬೈದೆ. ಒಂದೂ ತತ್ತಿ ಇಡಲಿಲ್ಲ. ಮನೆಯಲ್ಲಿ ನನ್ನ ಗಂಡ ಮತ್ತೆ ಹಾಸಿಗೆ ಹಿಡಿದರು. ಉಗುಳಿದ್ದರಲ್ಲಿ ರಕ್ತ ಬಂತು.

ಅದನ್ನು ನೋಡಿದ ಮಧ್ಯಾಹ್ನ ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದರು. ನಾನು ಹಿಂದೆ ಓಡಿದೆ. ನೆಟ್ಟಗೆ ಆಚೆ ಓಣಿಗೆ ಹೋಗಿ, ಮನೆ ಮನೆಯ ಮುಂದೆ ಸೆರಗು ಒಡ್ಡಿ ತತ್ತಿ ಕೇಳಿದರು. ತಿರುಗಿ ಬರುವಾಗ ಮಠದ ಮುಂದಿನ ಕಟ್ಟೆಯ ಮೇಲೆ ನಮ್ಮವರೇ ಕೂತಿದ್ದರು. ಅತ್ತೆ ಅಲ್ಲೇ ನಿಂತು, ಸೆರಗಿನ ಮಡಿಕೆ ಬಿಚ್ಚಿ ತೋರಿಸಿ, "ತತ್ತಿ ಅದಾವ. ನನ್ನ ಮಗಗ. ಏನರ ಅನ್ನೂದಿದ್ರ ಈಗ ಅಂದುಬಿಡ್ರಿ" ಎಂದರು.

ಅವರಲ್ಲಿ ಹಿರಿಯನೊಬ್ಬ ಕಟ್ಟೆಯಿಂದ ಇಳಿದು ಬಂದ. ನಮ್ಮಷ್ಟೇ ಮಡಿಯ ಮನೆಯವನು. "ಮದ್ಲ ಹೇಳಬಾರದೇನವ್ವಾ. ನನ್ನ ಮಗಳಿಗಿ ಎರಡು ವರ್ಷ ಇದನ್ನ ಕೊಟ್ಟೀವಿ. ಈಗ ಗಂಡನ ಮನ್ಯಾಗ ಆರಾಮ ಅದಾಳ" ಎಂದ.

ಅತ್ತೆ ಅವನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಎದೆಗೆ ಒತ್ತಿಕೊಂಡು, ಆ ವಯಸ್ಸಿನಲ್ಲಿ, ಓಡಿದರು.

ನಾನು ಹಾಲು ಕಾಸಿ ತತ್ತಿ ಒಡೆದು ಕಲಸಿದೆ. ಅತ್ತೆ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಟ್ಟಲನ್ನು ತುಟಿಗೆ ಹಿಡಿದರು. ಹಾಲು ಬಾಯಿಯ ಬದಿಯಿಂದ ಕೊರಳಿಗೆ ಇಳಿಯಿತು. ಅದನ್ನು ಒರೆಸಿ ಮತ್ತೆ ಹಿಡಿದರು. "ಕುಡಿ ನನ್ನಪ್ಪ" ಎಂದರು. "ಎಲ್ಲಾರಿಗೂ ಹೇಳಿ ಬಂದೀನಿ. ಇನ್ನ ಮುಚ್ಚಿಡೂದು ಏನೂ ಇಲ್ಲ, ಕುಡಿ."

ನಾನು ನನ್ನ ಗಂಡನ ಪಾದ ಮುಟ್ಟಿದೆ, ಆಗಲೇ ತಣ್ಣಗಾಗಿತ್ತು. ಅವರು ಬಾಯಿ ತೆರೆಯಲಿಲ್ಲ.